ನೇತ್ರಾಣಿಯ ನೀರಿಗಿಳಿಯುವ ಮುನ್ನ

ನಮ್ಮದು ಕಲ್ಲಿನ ಸೀಮೆ. ರಾಮನಗರದಲ್ಲಿ ರಾಮದೇವರ ಬೆಟ್ಟ, ಮಾಗಡಿಯಲ್ಲಿ ಸಾವನದುರ್ಗ, ಕನಕಪುರದ ಕಡೆಗೆ ಕಬ್ಬಾಳದುರ್ಗ; ಎತ್ತ ತಿರುಗಿದರೂ ಬಂಡೆ. ಹತ್ತುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮುಳುಗುವುದೆಂಬ ಮಾತಿಗೆ ಮಾತ್ರ ನಮ್ಮಲ್ಲಿ ಒಂದೇ ಅರ್ಥ. ಮೇಕೆದಾಟು, ಮಂಚನಬೆಲೆ, ಕಣ್ವ ಎಂಬ ಹೆಸರುಗಳನ್ನು ನಮ್ಮ ತಾಯಂದಿರು ಉಚ್ಚರಿಸುವ ಬಗೆಯೇ ಬೇರೆ. ಹನ್ನೊಂದರ ವಯಸ್ಸಿನಲ್ಲಿ ಕಣ್ವ ಜಲಾಶಯದಲ್ಲಿ ನಾನು ಎರಡು ಸಲ ಮುಳುಗಿ ಎದ್ದವನು. ಮೂರನೆಯ ಸಲ ಎದ್ದದ್ದು ದನ ಕಾಯುವವನೊಬ್ಬನು ತಲೆಗೂದಲು ಹಿಡಿದೆಳೆದುದರಿಂದ.

ಇಂಥವನು ಅರಬ್ಬೀ ಸಮುದ್ರದ ತಳವನ್ನು ನೋಡಲು ಹೊರಟನೆಂದರೆ ಅದಕ್ಕೆ ಸೋದರಳಿಯನೇ ಹೊಣೆ. ಹತ್ತೊಂಬತ್ತರ ಹುಡುಗ. ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಮೇಲೆ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಅವರು ನೇತ್ರಾಣಿಯ ಕಡಲಿಗಿಳಿಯುವುದನ್ನು ಕಂಡಂದಿನಿಂದ ಅವನಿಗೆ ಬೇರೆ ತೀರ್ಥವಿಲ್ಲ. ಮಾಗಡಿಯ ಅಕ್ಕ ನನ್ನನ್ನು ಕರೆಸಿ, “ನೀನು ಜೊತೆಗೆ ಹೋಗೋ ಹಾಗಿದ್ದರೆ ಕಳಿಸ್ತೀನಿ. ಕರಕೊಂಡು ಹೋದ ಹಾಗೇ ಕರಕೊಂಡು ಬಾರಪ್ಪ” ಎಂದಳು.

ರಾತ್ರಿಯ ರೈಲಿಳಿದು ಮುರುಡೇಶ್ವರವನ್ನು ಸೇರಿದಾಗ 123 ಅಡಿಯ ಶಿವನ ಮೇಲೆ ಎಳೆಬಿಸಿಲು ಬಿದ್ದಿತ್ತು. ನೇತ್ರಾಣಿ ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ನಡುಗಡ್ಡೆ. ಜನವಸತಿಯಿಲ್ಲ, ಸುತ್ತಲೂ ಹವಳ. ಮಳೆಗಾಲದಲ್ಲಿ ಅತ್ತ ದೋಣಿಗಳು ಹೋಗುವುದಿಲ್ಲ. ಇದೇ ಊರಿನ ಕಡಲಿನಲ್ಲಿ 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಅಸುನೀಗಿದ್ದರು. ಆ ಸುದ್ದಿಯನ್ನು ಅಕ್ಕನೂ ಓದಿದ್ದಳು. ಮರಳಿನ ಮೇಲೆ ನಿಂತಾಗ ನನಗೆ ಶಿವನಿಗಿಂತ ಮೊದಲು ನೆನಪಾದದ್ದು ಅದೇ.

ಮುಳುಗು ಹಾಕಿಸುವವರ ಅಂಗಡಿಗಳು ಒಂದೆರಡಲ್ಲ. ಯಾವುದನ್ನು ಆರಿಸುವುದು? ನಮ್ಮ ತಂದೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕೂಗುವ ಮೊದಲು ರಾಶಿಯೊಳಕ್ಕೆ ಕೈ ಹಾಕಿ, ಗೂಡನ್ನು ಅದುಮಿ, ಕಿವಿಯ ಬಳಿ ಅಲುಗಿಸಿ ನೋಡುತ್ತಿದ್ದರು. ಮೇಲಿನ ಗೂಡು ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ನಾನೂ ಹಾಗೆಯೇ ಕೈಹಾಕಿ ನೋಡುವುದೆಂದು ನಿಶ್ಚಯಿಸಿದೆ.

ಮೊದಲನೆಯ ಅಂಗಡಿಯಲ್ಲಿ ಬೆಲೆ ಕಡಿಮೆ, ಆದರ ಹೆಚ್ಚು. ನೀರೊಳಗಿನ ಚಿತ್ರೀಕರಣ ಉಚಿತ. “ಕಲಿಸುವುದು ಯಾವಾಗ?” ಎಂದೆ. “ದೋಣಿಯಲ್ಲೇ ಹೇಳಿಕೊಡ್ತೇವೆ ಸರ್, ಹತ್ತು ನಿಮಿಷ ಸಾಕು.” “ಒಬ್ಬ ಗುರುವಿಗೆ ಎಷ್ಟು ಮಂದಿ?” “ಜನ ನೋಡಿಕೊಂಡು.” “ದೋಣಿಯಲ್ಲಿ ಆಮ್ಲಜನಕ ಉಂಟೆ?” ಆತ ನಕ್ಕು ಸಿಲಿಂಡರಿನ ಸಾಲನ್ನು ತೋರಿಸಿದ. ನನಗೆ ಆಗಲೇ ಸಂಶಯ ಬಂತು. ಬೆನ್ನಿಗೆ ಕಟ್ಟುವ ಆ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಅಪಘಾತಕ್ಕೆ ಬೇಕಾದ ಆಮ್ಲಜನಕ ಬೇರೆ. ಇಷ್ಟನ್ನು ಮೇಷ್ಟರಾದ ನಾನು ಹಿಂದಿನ ರಾತ್ರಿ ರೈಲಿನಲ್ಲಿ ಓದಿಕೊಂಡಿದ್ದೆ.

ಎರಡನೆಯ ಕಡೆ ಬೆಲೆ ಹೆಚ್ಚು, ಮಾತು ಕಡಿಮೆ. ಕುಳಿತೊಡನೆ ಒಂದು ಕಾಗದ ಮುಂದಿಟ್ಟರು. ಹೃದಯ, ಕಿವಿ, ಮೂರ್ಛೆ, ಉಬ್ಬಸ ಎಂದು ಪ್ರಶ್ನೆಗಳ ಸಾಲು. ಅಳಿಯ ಸರಸರನೆ ಎಲ್ಲಕ್ಕೂ ‘ಇಲ್ಲ’ ಎಂದು ಬರೆದ. ಅವನ ಚೀಲದ ಪಕ್ಕದ ಜೇಬಿಗೆ ಅಕ್ಕ ಇನ್‌ಹೇಲರ್ ಹಾಕಿದ್ದನ್ನು ನಾನು ನೋಡಿದ್ದೆ. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನಾನೂ ಸುಮ್ಮನಿದ್ದೆ. ಅಷ್ಟು ದೂರದಿಂದ ಬಂದಿದ್ದೆವು. ಆಮೇಲೆ ಗಂಟಲು ಸರಿಮಾಡಿಕೊಂಡು, “ಇವನಿಗೆ ಉಬ್ಬಸವುಂಟು” ಎಂದೆ.

ಗುರು ನನ್ನ ವಯಸ್ಸಿನವರು. ಕಾಗದವನ್ನು ಮಡಿಸಿ ಬದಿಗಿಟ್ಟು ಹುಡುಗನಿಗೆ ವಿವರಿಸಿದರು. ಹತ್ತು ಮೀಟರು ಕೆಳಗಿಳಿದರೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಹಿಗ್ಗಿ ಇಮ್ಮಡಿಯಾಗುತ್ತದೆ. ಅದಕ್ಕೇ ನೀರೊಳಗೆ ಎಂದೂ ಉಸಿರು ಕಟ್ಟಬಾರದು. ಉಬ್ಬಸದವರಲ್ಲಿ ಶ್ವಾಸನಾಳ ಬಿಗಿದು ಗಾಳಿ ಒಳಗೇ ಸಿಕ್ಕಿಬಿದ್ದರೆ ಶ್ವಾಸಕೋಶ ಹರಿಯಬಹುದು. “ವೈದ್ಯರು ಪರೀಕ್ಷಿಸಿ ಬರೆದುಕೊಟ್ಟರೆ ನಾನೇ ಇಳಿಸುತ್ತೇನೆ. ಈ ದಿನ ಆಗದು.”

ಹೊರಗೆ ಬಂದೊಡನೆ ಹುಡುಗ ಸಿಡಿದ. “ಮೊದಲನೇ ಅಂಗಡೀಲಿ ಯಾರೂ ಕೇಳಲಿಲ್ಲ ಮಾವ, ಅಲ್ಲಿಗೇ ಹೋಗೋಣ.” “ಕೇಳಲಿಲ್ಲವೆಂದೇ ಅಲ್ಲಿಗೆ ಹೋಗುವುದಿಲ್ಲ ಕಣಯ್ಯ.” ಮಧ್ಯಾಹ್ನದವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ. ಊಟದ ಎಲೆಯ ಮುಂದೆ ಮೀನನ್ನು ಕೆದಕುತ್ತ, “ಹಾಗಾದರೆ ನೀವಾದರೂ ಇಳೀರಿ” ಎಂದ. ಅದು ಕೋಪವೋ ದಂಡನೆಯೋ ತಿಳಿಯಲಿಲ್ಲ.

ಇಳಿದೆ. ಸಂಜೆಯೆಲ್ಲ ಈಜುಕೊಳದಲ್ಲಿ ಬಾಯಿಂದ ಉಸಿರಾಡುವುದು, ಮುಖವಾಡಕ್ಕೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರದೂಡುವುದು, ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡ ಬಿಡಿಸುವುದು; ಇದೇ ಪಾಠ. ಮೂರು ಸಲ ನಪಾಸಾದೆ. ಮರುದಿನ ನಡುಗಡ್ಡೆಯ ಬಂಡೆಯ ಮಗ್ಗುಲಲ್ಲಿ ದೋಣಿ ನಿಂತಾಗ ಕಣ್ವದ ನೀರಿನ ರುಚಿ ಬಾಯಿಗೆ ಬಂತು. ಗುರು ನನ್ನ ಬೆನ್ನಿನ ಪಟ್ಟಿಯನ್ನು ಹಿಡಿದವರು ಮೇಲೆ ಬರುವವರೆಗೆ ಬಿಡಲಿಲ್ಲ. ಮೊದಲ ಸಲದವರಿಗೆ 12 ಮೀಟರು ಮೇರೆ. ನಾವು ಅದರ ಅರ್ಧಕ್ಕೇ ನಿಂತೆವು. ಹವಳದ ಬಂಡೆಯನ್ನು ಒಂದು ಗಿಳಿಮೀನು ಕುಟುಕುತ್ತಿತ್ತು. ಅದರ ಸದ್ದು, ಅಕ್ಕನ ಮನೆಯಲ್ಲಿ ಕಡಲೆ ಕಡಿದಂತೆ, ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಉಸಿರಿನ ಗುಳ್ಳೆಗಳು ಏರುತ್ತ ಏರುತ್ತ ದೊಡ್ಡವಾಗುವುದನ್ನು ನೋಡಿದೆ. ಗುರು ಹುಡುಗನಿಗೆ ಹೇಳಿದ್ದು ಇದನ್ನೇ.

ದೋಣಿಗೆ ಹತ್ತಿದಾಗ ಅಳಿಯ ಕೈಕೊಟ್ಟು ಎಳೆದುಕೊಂಡ. “ಏನು ಕಂಡಿತು ಮಾವ?” ಎಂದ. ದಡ ಸೇರುವವರೆಗೆ ಹೇಳಿದೆ. ಆ ರಾತ್ರಿ ರೈಲಿನಲ್ಲಿ ಅವನು ಇನ್‌ಹೇಲರನ್ನು ಚೀಲದಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಬೆಂಗಳೂರಿನಲ್ಲಿ ಶ್ವಾಸಕೋಶದ ವೈದ್ಯರು ಯಾವ ವಾರ ಸಿಗುತ್ತಾರೆಂದು ವಿಚಾರಿಸತೊಡಗಿದ.