ಮೂರು ಸೆಂಟಿಮೀಟರಿನ ಅಲೆಯ ಬಳಿ

ಹೀಟರ್ ಮೊದಲು. ಅದು ಕಾಯಲಿ. ಆಮೇಲೆ ರಿಪೆಲ್ಲರಿಗೆ ಋಣ ವೋಲ್ಟೇಜು. ಬೀಮ್ ವೋಲ್ಟೇಜು, ಸುಮಾರು 300, ಎಲ್ಲಕ್ಕಿಂತ ಕೊನೆಗೆ. ಆತುರಪಟ್ಟು ಕ್ರಮ ತಪ್ಪಿಸಿದಿರೋ, ನಿಮ್ಮ ಮುಂದಿರುವ ಪುಟ್ಟ ಕ್ಲೈಸ್ಟ್ರಾನ್ ವಾಲ್ವು ಹಾಳಾದೀತು. ಅಂಗಡಿಗೆ ಹೋಗಿ ಇನ್ನೊಂದು ತರುವ ಸಾಮಾನಲ್ಲ ಇದು. ಹೊರದೇಶದಿಂದ ಬರಬೇಕು, ಅದಕ್ಕೆ ಆಮದು ಲೈಸೆನ್ಸ್ ಬೇಕು, ವಿದೇಶಿ ವಿನಿಮಯ ಬೇಕು. ಕಾಯಿರಿ.

ನೀವಿರುವುದು 1950ರ ದಶಕದ ಕೊನೆಯಲ್ಲಿ, ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ಎಂಜಿನಿಯರಿಂಗ್ ವಿಭಾಗದಲ್ಲಿ. ಬೆಂಚಿನ ಮೇಲೆ ಆ ಕಾಲದ ಯಾವ ಮೈಕ್ರೋವೇವ್ ಲ್ಯಾಬಿನಲ್ಲಾದರೂ ಕಾಣುವ ಸಾಲು: ಅಲೆ ಹುಟ್ಟಿಸುವ ಕ್ಲೈಸ್ಟ್ರಾನ್, ಅದನ್ನು ತಗ್ಗಿಸುವ ಅಟೆನ್ಯುಯೇಟರ್, ಕೊನೆಗೆ ಆಯತಾಕಾರದ ಹಿತ್ತಾಳೆ ಕೊಳವೆ. ಕೊಳವೆಯ ಒಳಗಲ 22.86 ಮಿಲಿಮೀಟರ್, ಎತ್ತರ 10.16. ತಂತಿ ಇಲ್ಲ; ಅಲೆ ಈ ಟೊಳ್ಳಿನೊಳಗೇ ಸಾಗುತ್ತದೆ. ಕೊಳವೆಯ ಬೆನ್ನಿನ ನಟ್ಟನಡುವೆ ಉದ್ದಕ್ಕೆ ಒಂದು ಸೀಳು. ಸೀಳಿನೊಳಗೆ ಇಳಿದ ಸಣ್ಣ ಸೂಜಿಯನ್ನು ಹೊತ್ತ ಗಾಡಿ ವರ್ನಿಯರ್ ಮಾಪಕದ ಮೇಲೆ ಜಾರುತ್ತದೆ.

ಕೊಳವೆಯ ತುದಿಗೆ ಲೋಹದ ತಗಡು ಬಿಗಿದು ಮುಚ್ಚಿ. ಹೋದ ಅಲೆ ಬಡಿದು ಹಿಂದಿರುಗುತ್ತದೆ, ಬರುವುದರ ಜೊತೆ ಬೆರೆತು ನಿಂತ ಅಲೆಯಾಗುತ್ತದೆ. ಈಗ ಗಾಡಿಯನ್ನು ಮೆಲ್ಲಗೆ ಸರಿಸಿ. ಸೂಜಿಗೆ ಜೋಡಿಸಿದ ಮೀಟರಿನ ಮುಳ್ಳು ಏರುತ್ತದೆ, ತುಂಬ ಹೊತ್ತು ಮೇಲೇ ಇದ್ದಂತೆ ತೋರುತ್ತದೆ, ಆಮೇಲೆ ದಿಢೀರನೆ ಸೊನ್ನೆಯತ್ತ ಬೀಳುತ್ತದೆ. ಬಿದ್ದ ಜಾಗವನ್ನೇ ಬರೆದುಕೊಳ್ಳಿ. ತುತ್ತತುದಿ ಚಪ್ಪಟೆ, ಅದು ನಿಖರವಾಗಿ ಎಲ್ಲಿದೆಯೆಂದು ಕಣ್ಣಿಗೆ ತಿಳಿಯದು, ತಳ ಚೂಪು. ಮುಂದಿನ ತಳ ಎಲ್ಲಿ? 22.4 ಮಿಲಿಮೀಟರ್ ಆಚೆ. ಅದನ್ನು ಎರಡರಿಂದ ಗುಣಿಸಿದರೆ ಕೊಳವೆಯೊಳಗಿನ ತರಂಗಾಂತರ 44.8. ಕಾಗದದ ಮೇಲೆ ಒಂದು ಲೆಕ್ಕ ಹಾಕಿದರೆ ಅದೇ ಅಲೆ ಬಯಲಿನ ಗಾಳಿಯಲ್ಲಿ 32 ಮಿಲಿಮೀಟರ್, ಅಂದರೆ ಸೆಕೆಂಡಿಗೆ ಸುಮಾರು 937 ಕೋಟಿ ಕಂಪನ. 937 ಕೋಟಿಯನ್ನು ಎಣಿಸಬಲ್ಲ ಯಂತ್ರ ಈ ಕೋಣೆಯಲ್ಲಿಲ್ಲ. ನೀವು ಅದನ್ನು ಅಳೆದದ್ದು ಒಂದು ಸ್ಕೇಲಿನಿಂದ.

ದೇಶದ ಮೊದಲ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯಗಳಲ್ಲಿ ಒಂದಾದ ಇದನ್ನು ಕಟ್ಟಿದವರು ಇಬ್ಬರು: ಶಿಶಿರ್ ಕುಮಾರ್ ಚಟರ್ಜಿ ಮತ್ತು ಅವರ ಹೆಂಡತಿ ರಾಜೇಶ್ವರಿ ಚಟರ್ಜಿ. ರಾಜೇಶ್ವರಿ ಮೈಸೂರು ಸೀಮೆಯವರು, ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ, ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಓದಿದ್ದು ಆ ಅಜ್ಜಿಯೇ ಆರಂಭಿಸಿದ ಶಾಲೆಯಲ್ಲಿ.

ಹದಿನೈದು ವರ್ಷ ಹಿಂದೆ ಸರಿಯಿರಿ. 1943. ಮಹಾಯುದ್ಧ ನಡೆದಿದೆ. ಸೆಂಟ್ರಲ್ ಕಾಲೇಜಿನಿಂದ ಗಣಿತದ ಎಂ.ಎಸ್ಸಿ. ಮುಗಿಸಿದ ಯುವತಿ ಇದೇ ಕ್ಯಾಂಪಸ್ಸಿಗೆ ಬರುತ್ತಾರೆ. ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುವ ಆಸೆ. ರಾಮನ್ ಒಪ್ಪುವುದಿಲ್ಲ. ಭೌತವಿಜ್ಞಾನದ ಪದವಿ ಇರಲಿಲ್ಲ ಎಂದು ಕೆಲವರು, ಹೆಣ್ಣೆಂಬ ಕಾರಣಕ್ಕೆ ಎಂದು ಇನ್ನು ಕೆಲವರು ಹೇಳುತ್ತಾರೆ. ಹತ್ತು ವರ್ಷ ಮೊದಲು ಕಮಲಾ ಸೊಹೊನಿ ಅವರನ್ನು ಹೆಣ್ಣೆಂಬ ಕಾರಣಕ್ಕೇ ರಾಮನ್ ಇಲ್ಲಿ ಸೇರಿಸಿಕೊಳ್ಳಲು ಮೊದಲು ಒಪ್ಪದಿದ್ದುದನ್ನು ನೆನೆದರೆ ಎರಡನೆಯ ಮಾತನ್ನು ತಳ್ಳಿಹಾಕಲಾಗದು. ಆದರೆ ಅದೇ ಹೊತ್ತಿನಲ್ಲಿ ಅನ್ನಾ ಮಣಿ ಎಂಬ ಇನ್ನೊಬ್ಬ ಯುವತಿ ರಾಮನ್ ಅವರ ಲ್ಯಾಬಿನಲ್ಲೇ ವಜ್ರಗಳನ್ನು ಪರೀಕ್ಷಿಸುತ್ತಿದ್ದರು. ಹಾಗಾಗಿ ನಾನು ಇಲ್ಲಿ ತೀರ್ಪು ಕೊಡಲಾರೆ. ರಾಜೇಶ್ವರಿ ಮಾಡಿದ್ದು ಸರಳ: ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಹೋಗಿ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಕೊಂಡರು. ಗಣಿತಕ್ಕೆ ಬೆಂಚು ಸಿಕ್ಕಿದ್ದು ಹೀಗೆ.

1946ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನ. 1947ರಲ್ಲಿ ಹಡಗು. ಸುಮಾರು ತಿಂಗಳ ಕಾಲ ಸುತ್ತ ನೀರೇ ನೀರು, ಆಚೆ ದಡದಲ್ಲಿ ಅಮೆರಿಕ. ಆ್ಯನ್ ಆರ್ಬರ್‌ನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಪದವಿ. ಆಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ, ರೇಡಿಯೋ ಕಂಪನಗಳನ್ನು ಅಳೆಯುವ ವಿಭಾಗದಲ್ಲಿ, ಎಂಟು ತಿಂಗಳ ತರಬೇತಿ. ಅವರ ಜೀವನವೃತ್ತಾಂತಗಳಲ್ಲಿ ಈ ಎಂಟು ತಿಂಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನನಗೆ ಮಾತ್ರ ಇದೇ ತಿರುವು ಎನಿಸುತ್ತದೆ. ದೇಶವೊಂದರ ಅಳತೆಗಳಿಗೆಲ್ಲ ಪ್ರಮಾಣ ನಿಗದಿ ಮಾಡುವ ಜಾಗದಲ್ಲಿ ನಿಂತು ನೋಡಿದವರಿಗೆ, ಅಳೆಯಲಾಗದ ಸಿದ್ಧಾಂತ ಅರ್ಧ ಸಿದ್ಧಾಂತ ಎಂಬುದು ತಿಳಿದಿರುತ್ತದೆ. ಮತ್ತೆ ಮಿಶಿಗನ್, ಪ್ರೊಫೆಸರ್ ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನ, 1953ಕ್ಕೆ ಪಿಎಚ್.ಡಿ. ಅದೇ ವರ್ಷ ಬೆಂಗಳೂರಿಗೆ, ಇದೇ ಸಂಸ್ಥೆಗೆ, ಈ ಸಲ ಮೇಷ್ಟ್ರಾಗಿ. ಮದುವೆಯೂ ಅದೇ ವರ್ಷ.

ಬೆಂಚು ಬಿಟ್ಟು ತರಗತಿಗೆ ಬನ್ನಿ. ಅವರು ಕಲಿಸುವ ವಿಷಯಗಳು ವಿದ್ಯುತ್ಕಾಂತೀಯ ಸಿದ್ಧಾಂತ, ಎಲೆಕ್ಟ್ರಾನ್ ವಾಲ್ವುಗಳ ಸರ್ಕ್ಯೂಟು, ಮೈಕ್ರೋವೇವ್ ತಂತ್ರಜ್ಞಾನ, ರೇಡಿಯೋ ಎಂಜಿನಿಯರಿಂಗ್. ಇಂದಿನ ಪಾಠ ಮ್ಯಾಕ್ಸ್‌ವೆಲ್. ಹಲಗೆಯ ಮೇಲೆ ಒಂದು ಆಯತ, ಲೋಹದ ನಾಲ್ಕು ಗೋಡೆ. ಗೋಡೆಗೆ ಸಮಾಂತರವಾದ ವಿದ್ಯುತ್ ಕ್ಷೇತ್ರ ಗೋಡೆಯ ಮೇಲೆ ಸೊನ್ನೆಯಾಗಲೇಬೇಕು. ಎರಡೂ ಪಕ್ಕದಲ್ಲಿ ಸೊನ್ನೆ, ನಡುವೆ ಗರಿಷ್ಠ: ಅಡ್ಡಗಲಕ್ಕೆ ಅರ್ಧ ಅಲೆ ಹಿಡಿಸಬೇಕು. ಹಾಗಾದರೆ ಅಗಲದ ಎರಡರಷ್ಟಕ್ಕಿಂತ ಉದ್ದದ ಅಲೆ ಈ ಕೊಳವೆಯಲ್ಲಿ ಸಾಗದು. ಅಗಲ 22.86, ಎರಡರಷ್ಟು 45.72. ಬೆಂಚಿನ ಬಳಿ ನೀವು ಕಾಗದದ ಮೇಲೆ ಹಾಕಿದ ಲೆಕ್ಕದಲ್ಲಿ ಕೂತಿದ್ದ ಅಂಕಿಯೂ ಇದೇ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇವತ್ತಿಗೂ ಸಮೀಕರಣ ಒಂದು ಸೆಮಿಸ್ಟರಿಗೆ, ಲ್ಯಾಬ್ ಇನ್ನೊಂದು ಸೆಮಿಸ್ಟರಿಗೆ ಬೀಳುವುದುಂಟು; ಎರಡೂ ಒಂದೇ ಅಂಕಿ ಎಂದು ಹುಡುಗರಿಗೆ ಹೊಳೆಯುವುದೇ ಇಲ್ಲ.

ಲ್ಯಾಬಿನಲ್ಲಿ ಆ ತಗಡನ್ನು ಬಿಚ್ಚಿ, ಕೊಳವೆಯ ಬಾಯಿಗೆ ಪ್ಲಾಸ್ಟಿಕ್ಕಿನ ಕೋಲು ಸಿಕ್ಕಿಸಿ. ಮಳೆನೀರು ತೂಗುಬಿಟ್ಟ ಹುರಿಯನ್ನು ಹಿಡಿದು ಇಳಿಯುವಂತೆ ಅಲೆ ಕೋಲಿನ ಮೈಗಂಟಿಕೊಂಡು ಸಾಗಿ, ಮುಖ್ಯವಾಗಿ ತುದಿಯಿಂದ ಬಯಲಿಗೆ ಬಿಡುತ್ತದೆ. ಇದು ಡೈಎಲೆಕ್ಟ್ರಿಕ್ ಆಂಟೆನಾ. ದಂಪತಿಗಳ ಸಂಶೋಧನೆಯ ದೊಡ್ಡ ಪಾಲು ಇಂಥ ಮೇಲ್ಮೈ ಅಲೆಗಳ ಸುತ್ತಲೇ. ಆಂಟೆನಾವನ್ನು ತಿರುಗುಮಣೆಯ ಮೇಲಿಡಿ, ಎದುರಿಗೆ ಕೆಲವು ಮೀಟರ್ ದೂರದಲ್ಲಿ ರಿಸೀವರ್. ಒಂದು ಡಿಗ್ರಿ ತಿರುಗಿಸಿ, ಓದಿ, ಬರೆದುಕೊಳ್ಳಿ. ಇನ್ನೊಂದು ಡಿಗ್ರಿ. ಕೋಲನ್ನು ತುಸು ಸಣ್ಣಗೆ ಚೂಪುಮಾಡಿ ಮತ್ತೆ ಮೊದಲಿನಿಂದ. ಪಿಎಚ್.ಡಿ. ಎಂದರೆ ಬಹುಪಾಲು ಇದು.

ಹೊರಗೆ ಊರು ಬದಲಾಗುತ್ತಿದೆ. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂತು. ರಕ್ಷಣಾ ಇಲಾಖೆಯ ರೇಡಾರ್ ಪ್ರಯೋಗಾಲಯ ಬೆಂಗಳೂರಿಗೇ ಬಂತು. ಮುಂದೆ ಉಪಗ್ರಹಗಳೂ ಇಲ್ಲೇ ತಯಾರಾದವು. ಎಲ್ಲರಿಗೂ ಆಂಟೆನಾ ಬೇಕು, ಆಂಟೆನಾ ಬಲ್ಲವರು ಬೇಕು. ರಾಜೇಶ್ವರಿ ವಿಭಾಗದ ಮುಖ್ಯಸ್ಥರಾದರು. ಮುಖ್ಯಸ್ಥರ ಕುರ್ಚಿಯಲ್ಲಿ ಕೂತವರ ಮುಂದೆ ಇರುವುದು ಫೈಲು, ಇಂಡೆಂಟು, ಸಹಿ. ಅದರ ಬಗ್ಗೆ ನನಗೆ ಕುತೂಹಲ ಕಡಿಮೆ. ಅವರು ಉಳಿಸಿಹೋದದ್ದನ್ನು ನೋಡಿ: 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ. ಬ್ರಿಟನ್ನಿನ ಎಂಜಿನಿಯರುಗಳ ಸಂಸ್ಥೆ ಅತ್ಯುತ್ತಮ ಪ್ರಬಂಧಕ್ಕೆ ಕೊಡುತ್ತಿದ್ದ ಮೌಂಟ್‌ಬ್ಯಾಟನ್ ಬಹುಮಾನವೂ ಬಂತು.

1982ರಲ್ಲಿ ನಿವೃತ್ತಿ. ಮನೆಯಲ್ಲಿ ಕೂರಲಿಲ್ಲ. ಇಂಡಿಯನ್ ಅಸೋಸಿಯೇಷನ್ ಫಾರ್ ವಿಮೆನ್ಸ್ ಸ್ಟಡೀಸ್‌ನ ಜೊತೆ ಸೇರಿ ಮಹಿಳೆಯರ ಪರವಾಗಿ ದುಡಿದರು, ಮಹಿಳಾ ವಿಜ್ಞಾನಿಗಳ, ಎಂಜಿನಿಯರುಗಳ ಬದುಕನ್ನು ಬರೆದಿಟ್ಟರು. 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆದರು.

ಈಗ ಪತ್ರಿಕೆಗಳು ರಾಜೇಶ್ವರಿಯವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನ್ನುತ್ತವೆ, ಅಲ್ಲಿಗೇ ನಿಲ್ಲುತ್ತವೆ. ನಿಮ್ಮ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಗಳೋ ಮಗನೋ ಇದ್ದರೆ, ಕಾಲೇಜಿನ ಲೈಬ್ರರಿಯಲ್ಲಿ ಅವರು ಬರೆದ 'ಆಂಟೆನಾ ಥಿಯರಿ ಅಂಡ್ ಪ್ರಾಕ್ಟೀಸ್' ಇದೆಯೇ ನೋಡಲು ಹೇಳಿ. ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಲಿ.