ಹರಿವಾಣದ ಸುತ್ತ

ಮಳೆಗಾಲ ಹಿಡಿಯಿತೆಂದರೆ ನಮ್ಮ ಹೊಸನಗರದ ಕಡೆ ಪೇಟೆಯ ತರಕಾರಿಗೆ ಯಾರೂ ಕಾಯುತ್ತಿರಲಿಲ್ಲ. ಹಿತ್ತಲಲ್ಲಿ ಚಿಗುರಿದ್ದೇ ಆ ದಿನದ ಅಡುಗೆ. ಒಂದೆಲಗ, ದೊಡ್ಡಪತ್ರೆ, ಕೆಸುವಿನ ಎಲೆ, ಬಿದಿರಿನ ಕಳಲೆ. ಮರಕೆಸ ಸಿಕ್ಕಿದ ದಿನ ಪತ್ರೊಡೆ. ದೊಡ್ಡವರಿಗೊಂದು, ಮಕ್ಕಳಿಗೊಂದು ಅಂತ ಬೇರೆ ಅಡುಗೆ ಇರಲಿಲ್ಲ. ರಜೆಗೆ ಸಾಗರದ ಅತ್ತೆಯ ಮಕ್ಕಳು, ತೀರ್ಥಹಳ್ಳಿಯ ಚಿಕ್ಕಮ್ಮನ ಮಕ್ಕಳು ಬಂದು ಸೇರಿದರೆ ಜಗುಲಿ ತುಂಬ ನಾವೇ.

ಅಷ್ಟು ಮಕ್ಕಳಲ್ಲಿ ಊಟಕ್ಕೆ ತಕರಾರು ತೆಗೆಯುವವರು ಇರಲಿಲ್ಲವೇ? ಧಾರಾಳವಾಗಿ ಇದ್ದರು. ಚಿಕ್ಕಮ್ಮನ ಮಗಳಿಗೆ ಒಗ್ಗರಣೆಯ ಸಾಸಿವೆ ಹಲ್ಲಿಗೆ ಸಿಕ್ಕರೆ ಸಾಕು, ಊಟ ಅಲ್ಲಿಗೇ ಮುಗಿಯಿತು. ಅತ್ತೆಯ ಕಿರಿಮಗನಂತೂ ಹಸಿರು ಬಣ್ಣದ್ದು ಏನು ಬಡಿಸಿದರೂ ಬಾಳೆಲೆಯ ಅಂಚಿಗೆ ತಳ್ಳುತ್ತಿದ್ದ. ಮೊಸರನ್ನ, ಜೋನಿಬೆಲ್ಲ, ಹಲಸಿನ ಹಪ್ಪಳ, ಇಷ್ಟೇ ಅವನ ಪ್ರಪಂಚ. ಅತ್ತೆ ಕಂಗಾಲಾಗಿ ತಟ್ಟೆ ಹಿಡಿದು ಅವನ ಹಿಂದೆ ಓಡಲು ಹೊರಟರೆ ಅಜ್ಜಿ ತಡೆಯುತ್ತಿದ್ದಳು. "ಬ್ಯಾಡ ಅಂದ್ರೆ ಬಿಡು ಮಾರಾಯ್ತಿ, ಹಶುವಾದ್ರೆ ತಾನೇ ಬತ್ತ."

ಅಜ್ಜಿ ಬಿಟ್ಟಿದ್ದು ಹುಡುಗನ ಹಟವನ್ನು, ತಂಬುಳಿಯನ್ನಲ್ಲ. ಒಂದೆಲಗವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸುವುದು. ಕುದಿಸುವ ಹಂಗಿಲ್ಲ. ಅವನು ಮುಟ್ಟಲಿ, ಬಿಡಲಿ, ಎರಡು ದಿನಕ್ಕೊಮ್ಮೆ ಅದು ಬಂದೇ ಬರುತ್ತಿತ್ತು.

ರಾತ್ರಿ ಮಾತ್ರ ನಮಗೆ ಕೈತುತ್ತು. ದೊಡ್ಡ ಹಿತ್ತಾಳೆಯ ಹರಿವಾಣದಲ್ಲಿ ಅಜ್ಜಿ ಬಿಸಿ ಅನ್ನ ಹರವಿ, ಉಪ್ಪು ಉದುರಿಸಿ, ತುಪ್ಪ ಬಿಟ್ಟು, ಅಗುಳು ನುರಿಯುವವರೆಗೆ ಅಂಗೈಯಲ್ಲಿ ಮಿದ್ದುತ್ತಿದ್ದಳು. ನಾವು ಸುತ್ತ ಕೂತು ಬಲಗೈ ಚಾಚಬೇಕು. ಅಂಗೈ ಮೇಲೆ ಒಂದು ತುತ್ತು, ಅದರ ನಡುವೆ ಹೆಬ್ಬೆರಳಿನಿಂದ ಒತ್ತಿದ ಗುಳಿ, ಗುಳಿಯೊಳಗೆ ತಂಬುಳಿ. ಗುಳಿ ಒಡೆದು ಮೊಣಕೈವರೆಗೆ ಸೋರುವ ಮುಂಚೆ ಬಾಯಿಗೆ ಹಾಕಿಕೊಳ್ಳುವುದೇ ನಮ್ಮ ಪಂದ್ಯ. ಕಿರಿಯವನ ತುತ್ತಿಗೂ ಗುಳಿ ಇರುತ್ತಿತ್ತು, ಅದರೊಳಗೆ ಬರೀ ತುಪ್ಪ. ತುಪ್ಪ ಸೋರುವುದಿಲ್ಲ, ಪಂದ್ಯದಲ್ಲಿ ಅವನಿಗೆ ಜಾಗವಿಲ್ಲ. ಒಂದು ರಾತ್ರಿ, ಯಾರೂ ಕೇಳದೆ, "ಅಜ್ಜೀ, ನಂಗೂ ಅದೇ ಹಾಕು" ಎಂದ. ಅಜ್ಜಿ ಹುಬ್ಬೇರಿಸಲಿಲ್ಲ, ಶಾಭಾಸ್ ಅನ್ನಲಿಲ್ಲ. ಉಳಿದವರಿಗೆ ಹಾಕಿದಷ್ಟೇ ಹಾಕಿ ಮುಂದಿನ ಕೈಗೆ ಹೋದಳು. ಅವನು ಮುಖ ಕಿವುಚಿದ, ನುಂಗಿದ, ಮತ್ತೆ ಕೈ ಚಾಚಿದ. ನಮ್ಮ ಅಜ್ಜಿ ತಿಳಿದವಳು ಎಂದು ನಾನು ಹೇಳುವುದು ಈ ಸುಮ್ಮನಿದ್ದ ಗಳಿಗೆಗಾಗಿ.

ಎಷ್ಟೋ ವರ್ಷದ ಮೇಲೆ ಇದೇ ಮಾತನ್ನು ಪುಸ್ತಕಗಳಲ್ಲಿ ಓದಿದೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ, ಆಗತಾನೆ ಮೊಲೆಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ಸಾದಾ ಆಹಾರವಿಟ್ಟು, ಕೂಸು ಕೈ ತೋರಿಸಿದ್ದನ್ನು ಮಾತ್ರ ಕೊಡಿ, ಒತ್ತಾಯವೂ ಬೇಡ, ಸಲಹೆಯೂ ಬೇಡ ಎಂದು ದಾದಿಯರಿಗೆ ಹೇಳಿದ್ದರಂತೆ. ಮಕ್ಕಳು ಚೆನ್ನಾಗಿಯೇ ಬೆಳೆದರೆಂದು 1939ರಲ್ಲಿ ಬರೆದರು. ಅವರು ಇಟ್ಟದ್ದರಲ್ಲಿ ಸಕ್ಕರೆ ತಿಂಡಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಏನು, ಯಾವಾಗ, ಎಲ್ಲಿ ಎನ್ನುವುದು ತಂದೆತಾಯಿಯ ಪಾಲು. ಉಣ್ಣುವುದೋ ಬಿಡುವುದೋ, ಎಷ್ಟು ಎನ್ನುವುದು ಮಗುವಿನ ಪಾಲು ಎಂದು ಎಲಿನ್ ಸ್ಯಾಟರ್ ಹೇಳಿದ್ದು 1980ರ ದಶಕದಲ್ಲಿ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸೂಪು ಮುಗಿಸು ಮುಗಿಸು ಎಂದು ಹೇಳಿಸಿಕೊಂಡ ಪುಟ್ಟ ಮಕ್ಕಳು ಹೇಳದಿದ್ದಾಗಿನದಕ್ಕಿಂತ ಕಮ್ಮಿ ಕುಡಿದರು, ಚೆನ್ನಾಗಿಲ್ಲ ಎಂದು ಹೆಚ್ಚು ಗೊಣಗಿದರು. ಎರಡು ವರ್ಷದಿಂದ ಐದಾರು ವರ್ಷದವರೆಗೆ ಹೊಸ ರುಚಿಗೆ ಹೆದರುವುದು ಮಕ್ಕಳ ಸಹಜ ಗುಣ. ಒಂದೇ ಪದಾರ್ಥ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಎದುರಿಗೆ ಬಂದ ಮೇಲೇ ನಾಲಗೆ ಒಪ್ಪುವುದು.

ಎಲ್ಲ ಮನೆಯಲ್ಲೂ ಹೀಗೇ ಇತ್ತೆನ್ನಲಾರೆ. ಗುಮ್ಮನನ್ನು ಕರೆದು, ಬೆತ್ತ ತೋರಿಸಿ ಉಣ್ಣಿಸಿದ ಮನೆಗಳೂ ನಮ್ಮೂರಲ್ಲೇ ಇದ್ದವು. ನಮ್ಮ ಅಜ್ಜಿಯ ಧೈರ್ಯಕ್ಕೆ ಇನ್ನೊಂದು ಕಾರಣವೂ ಇತ್ತು: ನಮಗೆ ನಿಜವಾಗಿ ಹಸಿವಾಗುತ್ತಿತ್ತು. ಶಾಲೆಗೆ ಗದ್ದೆಯ ಅಂಚು ದಾಟಿ, ಸಂಕ ದಾಟಿ ನಡೆಯಬೇಕು. ನಡುವೆ ಹೊಟ್ಟೆಗೆ ಬೀಳುತ್ತಿದ್ದುದು ನೇರಳೆ, ಕವಳಿ, ಪೇರಲೆ. ಬಿಸ್ಕತ್ತಿನ ಪೊಟ್ಟಣ ಮನೆಗೆ ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ. ಊಟದ ಹೊತ್ತಿಗೆ ಕಡುಬು ಬೇಡವೆಂದವನು ಸಂಜೆ ತಾನೇ ಅಡುಗೆಮನೆಗೆ ಬಂದು ತಣ್ಣನೆಯ ಕಡುಬಿಗೆ ಬೆಲ್ಲ ಕೇಳುತ್ತಿದ್ದ.

ಅಮ್ಮ, ದೊಡ್ಡಮ್ಮ, ಅತ್ತೆಯಂದಿರು ಉಣ್ಣುತ್ತಿದ್ದುದು ಮಾತ್ರ ಮೂರು ಗಂಟೆಗೆ, ತಳ ಸೇರಿದ್ದನ್ನು. ನಮ್ಮ ಮುಂದೆ ಅಷ್ಟು ಪದಾರ್ಥ ಮತ್ತೆ ಮತ್ತೆ ಬರುತ್ತಿದ್ದುದು ಅವರು ಮಳೆಯಲ್ಲಿ ನೆನೆದು ಸೊಪ್ಪು ಕೊಯ್ದದ್ದರಿಂದ, ಹೊಗೆಯಲ್ಲಿ ಕೂತು ಊದುಕೊಳವೆ ಊದಿದ್ದರಿಂದ. ಲಿಂಗನಮಕ್ಕಿ ಹಿನ್ನೀರಿನಲ್ಲಿ ತವರುಮನೆ ಮುಳುಗಿದಾಗ ದೊಡ್ಡಮ್ಮ ಅಲ್ಲಿಂದ ತಂದದ್ದು ಒಂದಿಷ್ಟು ಕೆಸುವಿನ ಗೆಡ್ಡೆ. ಆ ಸಂತತಿಯ ಪತ್ರೊಡೆ ತಿಂದೇ ನಾವು ದೊಡ್ಡವರಾದದ್ದು. ಅದಕ್ಕೇ, ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು, ಮೊಬೈಲು ತೋರಿಸುತ್ತ ಮಗುವಿಗೆ ಉಣ್ಣಿಸುವ ನಮ್ಮ ಹುಡುಗಿಯರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಜನ ಸೇರಿ ಮಾಡುತ್ತಿದ್ದ ಕೆಲಸ ಅವರೊಬ್ಬರ ತಲೆ ಮೇಲೆ ಬಿದ್ದಿದೆ. ಪಕ್ಕದಲ್ಲಿ ಕೈ ಚಾಚುವ ಇನ್ನೊಂದು ಮಗುವೂ ಇಲ್ಲ.

ಹರಿವಾಣದ ಸುತ್ತ ಕೂತಿದ್ದ ನಿಮಗೆಲ್ಲ ಹೇಳುತ್ತಿದ್ದೇನೆ: ಈ ಆಷಾಢದಲ್ಲಿ ಮಕ್ಕಳನ್ನು, ಮೊಮ್ಮಕ್ಕಳನ್ನು ಕರೆದುಕೊಂಡು ಬನ್ನಿ, ನಾಲ್ಕು ದಿನವಾದರೂ ಇರುವ ಹಾಗೆ. ಬಾವಿಕಟ್ಟೆಯ ಸುತ್ತ ಒಂದೆಲಗ ಹಬ್ಬಿದೆ, ಅಪ್ಪೆಮಿಡಿ ಭರಣಿ ತುಂಬಿದೆ. ಹರಿವಾಣವನ್ನು ಹುಣಸೆಹಣ್ಣು ಹಾಕಿ ಉಜ್ಜಿಸಿ ಇಟ್ಟಿದ್ದೇನೆ.