ಕೋಡಿಯಿಲ್ಲದ ಕೆರೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವೊಂದಿದೆ. ಮೈಸೂರು ಅರಸರ ಕಾಲದ ಈ ಕಟ್ಟೆಯ ಹೆಗ್ಗಳಿಕೆ ಅದರ ಸ್ವಯಂಚಾಲಿತ ಸೈಫನ್. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರ ಅಪ್ಪಣೆಗೂ ಕಾಯದೆ, ಹೆಚ್ಚಿನ ನೀರು ತಾನಾಗಿಯೇ ಹೊರಕ್ಕೆ ಧುಮುಕುತ್ತದೆ.

ಆ ಪ್ರಾಂತದ ಶ್ರಾವಕರೊಬ್ಬರು ಒಂದು ಸಂಜೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ತಮ್ಮನ ಮಗನೊಡನೆ ಈ ಏರಿಯ ಮೇಲೆ ಬಂದು ನಿಂತರು. ಅವರು ನಿವೃತ್ತ ಉಪಾಧ್ಯಾಯರು. ಬಸದಿಯೊಂದರ ಟ್ರಸ್ಟಿಗೆ ಕಾರ್ಯದರ್ಶಿಗಳು. ಹುಡುಗನ ಮುಖ ಬಾಡಿತ್ತು. 2014ರಲ್ಲಿ ಜಮೀನಿನ ಬದುವಿನ ಜಗಳವೊಂದರಲ್ಲಿ ಎದುರಾಳಿಗಳು ಮನೆಯವರೆಲ್ಲರ ಹೆಸರನ್ನೂ ದೂರಿನಲ್ಲಿ ಸೇರಿಸಿದ್ದರು. ನಾಲ್ಕು ವರ್ಷಗಳ ಬಳಿಕ ನ್ಯಾಯಾಲಯ ಎಲ್ಲರನ್ನೂ ಖುಲಾಸೆಗೊಳಿಸಿತ್ತು. ಈಗ ಉದ್ಯೋಗಕ್ಕಾಗಿ ಪೂರ್ವಾಪರ ಪರಿಶೀಲನೆ ನಡೆದಾಗ ಆ ಹಳೆಯ ಪ್ರಕರಣ ಮತ್ತೆ ತಲೆಯೆತ್ತಿತ್ತು.

“ದೊಡ್ಡಪ್ಪ, ಹೆಸರು ಒತ್ತಿದ ಕೂಡಲೇ ಕೇಸಿನ ನಂಬರು ಬಂತು. ಖುಲಾಸೆಯಾದ ಮಾತು ಮಾತ್ರ ಅದರಲ್ಲಿ ಇರಲಿಲ್ಲ. ಅಲ್ಲಿದ್ದವರು ಒಳ್ಳೆಯವರೇ. ಆದರೆ ಪರದೆಯ ಮೇಲೆ ಇಲ್ಲದ್ದನ್ನು ತಾವು ಹೇಗೆ ಬರೆಯುವುದು ಅಂದರು.”

ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಜೀವಮಾನವೆಲ್ಲ ಮಕ್ಕಳಿಗೆ ಸ್ಯಾದ್ವಾದವನ್ನು ತಿಳಿಯಹೇಳಿದವರು ಅವರು. ವಸ್ತುವೊಂದನ್ನು ಒಂದೇ ನೆಲೆಯಿಂದ ಕಂಡು ಅದೇ ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತ, ಅದು ಮಿಥ್ಯಾತ್ವದ ಮೂಲ ಎಂದು ಹೇಳುತ್ತಿದ್ದರು. ‘ಆರೋಪಿ’ ಎಂಬ ಮಾತು 2014ರ ಒಂದು ದಿನದ ಮಟ್ಟಿಗೆ ನಿಜವಾಗಿತ್ತು. ಯಂತ್ರವು ಅದನ್ನು ಕಾಲದ ಎಲ್ಲೆಯಿಂದ ಬಿಡಿಸಿ, ಎಂದೆಂದಿಗೂ ನಿಜವೆಂಬಂತೆ ನುಡಿಯುತ್ತಿತ್ತು.

ಪೊಲೀಸರಿಗೆ ಮಾಹಿತಿ ಬೇಡವೆಂದು ಯಾವ ವಿವೇಕಿಯೂ ಹೇಳಲಾರನು. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವೆಲ್ಲ ಪೊಲೀಸರತ್ತಲೇ ಮುಖಮಾಡಿತ್ತು. ಮೊದಲು ಒಂದೊಂದು ಠಾಣೆಯ ದಫ್ತರವೂ ಆಯಾ ಠಾಣೆಯ ಗೋಡೆಯೊಳಗೇ ಇರುತ್ತಿತ್ತು. ಕಳ್ಳನೊಬ್ಬ ಜಿಲ್ಲೆ ದಾಟಿದರೆ ಅವನ ಚರಿತ್ರೆ ಹಿಂದೆಯೇ ಉಳಿಯುತ್ತಿತ್ತು. ಈ ಕೊರತೆ ನೀಗಲೆಂದು ಕೇಂದ್ರ ಸರ್ಕಾರವು 2009ರಲ್ಲಿ 2,000 ಕೋಟಿ ರೂಪಾಯಿಗಳ ಸಿ.ಸಿ.ಟಿ.ಎನ್.ಎಸ್. ಯೋಜನೆಗೆ ಒಪ್ಪಿಗೆಯಿತ್ತು, ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸತೊಡಗಿತು. 2008ರ ಮುಂಬಯಿ ದಾಳಿಯ ಬಳಿಕ ರೂಪುಗೊಂಡ ನ್ಯಾಟ್‌ಗ್ರಿಡ್ ವ್ಯವಸ್ಥೆಯು ಬ್ಯಾಂಕು, ದೂರವಾಣಿ, ಪ್ರಯಾಣ ಮೊದಲಾದ ಬೇರೆ ಬೇರೆ ಭಂಡಾರಗಳ ಮಾಹಿತಿಯನ್ನು ತನಿಖಾ ಸಂಸ್ಥೆಗಳಿಗೆ ಒಂದೆಡೆ ಒದಗಿಸುವಂಥದು. 2011ರಲ್ಲಿ ಅದನ್ನು ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಉದ್ದೇಶ ರಕ್ಷಣೆಯೇ. ಆದರೆ ಹಳ್ಳಗಳೆಲ್ಲ ಬಂದು ಸೇರಿದ ಮೇಲೆ ಕೆರೆಯ ಭಾರವೇ ಬೇರೆ.

ಕೆರೆ ಕಟ್ಟಿದ ಹಿರಿಯರಿಗೆ ಇದು ತಿಳಿದಿತ್ತು. ನೀರನ್ನು ತಡೆಯಲು ಏರಿ, ಅಳೆದು ಬಿಡಲು ತೂಬು, ಹೆಚ್ಚಾದುದನ್ನು ಹೊರಹಾಕಲು ಕೋಡಿ, ಈ ಮೂರೂ ಇದ್ದರೆ ಮಾತ್ರ ಅದು ಕೆರೆ. ತೂಬಿನ ಮೇಲೆ ನೀರುಗಂಟಿ ಇರುತ್ತಿದ್ದನು. ಯಾರ ಗದ್ದೆಗೆ ಎಷ್ಟು ನೀರು ಬಿಟ್ಟೆನೆಂದು ಅವನು ಊರಿಗೆ ಲೆಕ್ಕ ಹೇಳಬೇಕಾಗಿತ್ತು.

ದೂರವಾಣಿ ಕದ್ದಾಲಿಕೆಯ ವಿಷಯದಲ್ಲಿ ಈ ದೇಶವು ತೂಬಿನ ಪಾಠವನ್ನು ಕಷ್ಟಪಟ್ಟು ಕಲಿಯಿತು. ಕರ್ನಾಟಕದಲ್ಲಿಯೇ 1988ರ ಆಗಸ್ಟ್‌ನಲ್ಲಿ ಇಂಥ ಆರೋಪದ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕಟ್ಟಳೆ ವಿಧಿಸಿತು. ಹಿರಿಯ ಅಧಿಕಾರಿಯ ಆದೇಶವಿರಬೇಕು, ಅದು ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳನ್ನು ಮೀರಬಾರದು, ಸಮಿತಿಯೊಂದು ಅದನ್ನು ಪುನರ್ವಿಮರ್ಶಿಸಬೇಕು. ಒಬ್ಬನ ಮಾತನ್ನು ಆಲಿಸಲು ಇಷ್ಟು ಕಟ್ಟಳೆ ಇದೆ. ಆದರೆ ಅವನ ಪ್ರಯಾಣ, ಹಣಕಾಸು, ಸ್ನೇಹಸಂಬಂಧಗಳನ್ನೆಲ್ಲ ಒಂದೇ ಗುಂಡಿಯೊತ್ತಿ ಹುಡುಕುವುದು ಮಾತು ಕೇಳುವುದಕ್ಕಿಂತ ಕಡಿಮೆಯ ಪ್ರವೇಶವೇನಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. 2023ರ ಫೆಬ್ರವರಿಯಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವು ಹೆಸ್ಸೆ, ಹ್ಯಾಂಬರ್ಗ್ ರಾಜ್ಯಗಳ ಪೊಲೀಸ್ ಕಾಯಿದೆಗಳಲ್ಲಿ ಇಂಥ ಹುಡುಕಾಟಕ್ಕೆ ಅವಕಾಶವಿತ್ತ ವಿಧಿಗಳನ್ನು ಸಂವಿಧಾನಬಾಹಿರವೆಂದು ಸಾರಿತು. ಬಿಡಿಬಿಡಿಯಾಗಿ ಸಂಗ್ರಹಿಸಿದ ಸಂಗತಿಗಳನ್ನು ಯಂತ್ರದಿಂದ ಹೆಣೆದಾಗ ಹೊಸ ಮಾಹಿತಿಯೇ ಹುಟ್ಟುತ್ತದೆ. ಗಂಭೀರ ಕಾರಣವಿಲ್ಲದೆ ಹಾಗೆ ಹೆಣೆಯಲಾಗದು ಎಂಬುದು ಅದರ ತಿರುಳು.

ಈ ಮಾತು ಜೈನಶ್ರಾವಕರಿಗೆ ಹೊಸದಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ರಹೋಭ್ಯಾಖ್ಯಾನವನ್ನೂ ಸಾಕಾರಮಂತ್ರಭೇದವನ್ನೂ ಹೆಸರಿಸುತ್ತದೆ. ಪರರು ಏಕಾಂತದಲ್ಲಿ ನಡೆಸಿದ್ದನ್ನು ಬಯಲುಮಾಡುವುದು ಮೊದಲನೆಯದು. ಚೇಷ್ಟೆ, ಮುಖಭಾವಗಳಿಂದ ಪರರ ಮನಸ್ಸನ್ನು ಊಹಿಸಿ ಹೊರಗೆಡಹುವುದು ಎರಡನೆಯದು. ಹೊರಗೆಡಹಿದ ಸಂಗತಿ ನಿಜವೇ ಆಗಿದ್ದರೂ ವ್ರತಕ್ಕೆ ಕಲೆ ತಗಲುತ್ತದೆ ಎಂಬುದು ಇಲ್ಲಿಯ ಸೂಕ್ಷ್ಮ. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯವೂ, ಅಗತ್ಯಕ್ಕೆ ಮೀರಿ ಕೂಡಿಡಬಾರದೆಂಬ ಪರಿಗ್ರಹಪರಿಮಾಣವೂ ಹೊನ್ನಿಗೆ ಮಾತ್ರ ಸಲ್ಲುವ ವ್ರತಗಳೆಂದು ಎಣಿಸಬೇಕಾಗಿಲ್ಲ.

ಮರುವಾರ ಟ್ರಸ್ಟಿನ ಸಭೆಯಿತ್ತು. ಯಂತ್ರೋಪಕರಣದ ವ್ಯಾಪಾರಿಯೊಬ್ಬನು ಮುಂದಿಟ್ಟ ಸಲಹೆ ಅಂದು ಚರ್ಚೆಗೆ ಬಂತು. ಯಾತ್ರಿನಿವಾಸಕ್ಕೆ ಬರುವವರೆಲ್ಲರ ಮುಖಚಿತ್ರ, ಆಧಾರ್ ಸಂಖ್ಯೆಗಳನ್ನು ಗಣಕಯಂತ್ರಕ್ಕೇರಿಸಿ, ಹೊರಗಿನ ಜಾಲಕ್ಕೆ ಸದಾ ತೆರೆದಿಡುವುದು. ಪೊಲೀಸರಿಗೂ ಅನುಕೂಲ ಎಂಬುದು ಅವನ ವಾದ. “ತಪ್ಪು ಮಾಡದವರಿಗೆ ಭಯವೇಕೆ, ಮೇಷ್ಟ್ರೇ?” ಎಂದು ಸದಸ್ಯರೊಬ್ಬರು ಕೇಳಿದರು. ಹಿರಿಯರು ತಮ್ಮ ಮನೆಯ ಹುಡುಗನ ಕಥೆಯನ್ನು ಹೇಳಲಿಲ್ಲ. ಎದ್ದು ಕಚೇರಿಯ ಬೀರುವನ್ನು ತೆರೆದರು.

ಅದರೊಳಗೆ ಹನ್ನೊಂದು ವರ್ಷಗಳ ಆಧಾರ್ ನಕಲುಪ್ರತಿಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಒಂದು ರಾತ್ರಿ ತಂಗಿ ಹೋದ ಯಾತ್ರಿಕರವು, ಸಹಾಯಧನ ಬೇಡಿದ ವಿಧವೆಯರವು, ಅವರ ಕಾಯಿಲೆಯ ಚೀಟಿಗಳು. ಬೀಗ ಕೂಡ ಸರಿಯಾಗಿ ಬೀಳುತ್ತಿರಲಿಲ್ಲ. “ಇವನ್ನೆಲ್ಲ ಕೂಡಿಟ್ಟವನು ನಾನೇ. ಯಾತಕ್ಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸರ್ಕಾರದ ಕೆರೆಗೆ ಕೋಡಿ ಇಲ್ಲವೆಂದು ದೂರುವ ಮೊದಲು ನನ್ನ ಹೊಂಡವನ್ನು ನೋಡಿಕೊಳ್ಳಬೇಕಾಯಿತು” ಎಂದರು. ಸಭೆ ಮೌನವಾಯಿತು.

ಅಂದಿನ ನಿರ್ಣಯಗಳು ಸರಳವಾಗಿದ್ದವು. ಗುರುತಿನ ಚೀಟಿಯನ್ನು ನೋಡಿ ಹಿಂತಿರುಗಿಸುವುದು, ನಕಲು ಇರಿಸಿಕೊಳ್ಳದಿರುವುದು. ಕ್ಯಾಮೆರಾದ ಚಿತ್ರಗಳನ್ನು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯು ಹೇಳುವ 30 ದಿನಗಳ ಕಾಲ ಕಾಪಿಟ್ಟು ಬಳಿಕ ಅಳಿಸುವುದು. ಪೊಲೀಸರು ಕಾರಣ ತಿಳಿಸಿ ಬರೆದು ಕೇಳಿದಾಗ ತಡಮಾಡದೆ ಕೊಟ್ಟು, ಕೊಟ್ಟುದನ್ನು ಪುಸ್ತಕದಲ್ಲಿ ದಾಖಲಿಸುವುದು. ಸದಾ ತೆರೆದ ಸಂಪರ್ಕ ಬೇಡ. ಹಳೆಯ ಪ್ರತಿಗಳನ್ನು ಸದಸ್ಯರೇ ಕುಳಿತು ಕೈಯಾರೆ ಹರಿದರು. ಬೆಂಕಿಗೆ ಹಾಕಿದರೆ ಬೇಗ ಮುಗಿಯುತ್ತಿತ್ತು. ಕಾಗದದ ಸಂದಿನ ಹುಳುಗಳನ್ನು ನೆನೆದು ಯಾರಿಗೂ ಮನಸ್ಸಾಗಲಿಲ್ಲ. ಮೂರು ಮಧ್ಯಾಹ್ನ ಹಿಡಿಯಿತು.

ಹುಡುಗನು ಖುಲಾಸೆಯ ತೀರ್ಪಿನ ದೃಢೀಕೃತ ಪ್ರತಿಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಇನ್ನೂ ಅಲೆಯುತ್ತಿದ್ದಾನೆ. ಒಂದು ಸಾಲನ್ನು ಸೇರಿಸುವ ಗುಂಡಿ ಪ್ರತಿ ಠಾಣೆಯಲ್ಲಿದೆ. ಅದನ್ನು ತಿದ್ದುವ ಅಧಿಕಾರ ಯಾರದೆಂದು ಅವನಿಗೆ ಯಾರೂ ತಿಳಿಸಿಲ್ಲ. ಹಿರಿಯರು ಪ್ರತಿ ಬಾರಿಯೂ ಅವನ ಜೊತೆಗೆ ಹೋಗುತ್ತಾರೆ.